ದೊಡ್ಡ ಕರುಳಿನ ಕ್ಯಾನ್ಸರ್: ಜಮಖಂಡಿ ಸೀಮೆಯಲ್ಲಿ ಮುನ್ನರಿವಿನ ಚರಿತ್ರೆ

ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ಪತ್ತೆಯಾದ ಕೂಡಲೇ ರೋಗಿಯೂ ಮನೆಯವರೂ ವೈದ್ಯರಲ್ಲಿ ಕೇಳುವುದು ಮುಂದೆ ಹೇಗೆ ಎಂದು. ಆ ಪ್ರಶ್ನೆಗೆ ಸಿಗುವ ಉತ್ತರವೇ ಮುನ್ನರಿವು. ಗಡ್ಡೆ ಎಷ್ಟು ಬೇಗ ಬೆಳೆದೀತು, ಕೊಯ್ದು ತೆಗೆದ ಮೇಲೆ ಮರಳೀತೆ, ಯಾವ ಔಷಧಕ್ಕೆ ಬಗ್ಗೀತು ಎಂಬುದನ್ನು ಮೊದಲೇ ಅಂದಾಜು ಮಾಡುವ ವಿದ್ಯೆ ಅದು. ಈ ಅಂದಾಜು ಹಿಂದೆ ವೈದ್ಯನ ಕೈ ಮತ್ತು ಕಣ್ಣನ್ನು ನಂಬಿತ್ತು, ಆಮೇಲೆ ಸೂಕ್ಷ್ಮದರ್ಶಕವನ್ನು ನಂಬಿತು. ಕಳೆದ ಅರವತ್ತು ವರ್ಷಗಳಲ್ಲಿ ರಕ್ತದಲ್ಲಿ ಮತ್ತು ಗಡ್ಡೆಯ ಜೀವಕೋಶಗಳಲ್ಲಿ ಕಾಣುವ ಕೆಲವು ಪ್ರೋಟೀನುಗಳನ್ನೂ ನಂಬತೊಡಗಿದೆ. ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಜನರಿಗೆ ಈ ಬದಲಾವಣೆಯ ಪ್ರತಿಯೊಂದು ಹೆಜ್ಜೆಯೂ ಬೇರೊಂದು ಊರಿನ ದವಾಖಾನೆಯ ಮೂಲಕವೇ ತಲುಪಿತು. ಆದ್ದರಿಂದ ಈ ಸೀಮೆಯಲ್ಲಿ ಮುನ್ನರಿವಿನ ಚರಿತ್ರೆ ಎಂದರೆ ಪ್ರಯೋಗಾಲಯ ಎಷ್ಟು ದೂರವಿತ್ತು, ಹೇಗೆ ಹತ್ತಿರವಾಯಿತು ಎಂಬುದರ ಚರಿತ್ರೆಯೂ ಹೌದು.

ಸಾಧ್ಯ, ಅಸಾಧ್ಯ

ಮುನ್ನರಿವು ಭಾರತೀಯ ವೈದ್ಯಕ್ಕೆ ಹೊಸದಲ್ಲ. ಆಯುರ್ವೇದವು ರೋಗಗಳನ್ನು ಗುಣವಾಗುವಂಥವು, ಔಷಧ ಇರುವವರೆಗೆ ಹಿಡಿತದಲ್ಲಿರುವಂಥವು, ಕೈಮೀರಿದಂಥವು ಎಂದು ಬೇರ್ಪಡಿಸಿ ಸಾಧ್ಯ, ಯಾಪ್ಯ, ಅಸಾಧ್ಯ ಎಂಬ ಹೆಸರು ಕೊಟ್ಟಿತ್ತು. ಗಡ್ಡೆಗಳನ್ನು ಅರ್ಬುದ ಎಂದು ವರ್ಣಿಸುವ ಸುಶ್ರುತ ಸಂಹಿತೆ ರಕ್ತಾರ್ಬುದ, ಮಾಂಸಾರ್ಬುದಗಳನ್ನು ಅಸಾಧ್ಯದ ಸಾಲಿಗೆ ಸೇರಿಸುತ್ತದೆ. ಒಂದು ಗಡ್ಡೆಯ ಮೇಲೆ ಹುಟ್ಟುವ ಇನ್ನೊಂದು ಗಡ್ಡೆಯನ್ನು, ಜೋಡಿಯಾಗಿ ಕಾಣಿಸುವ ಗಡ್ಡೆಗಳನ್ನು ಅದು ಪ್ರತ್ಯೇಕವಾಗಿ ಹೆಸರಿಸಿ ಅವೂ ಗುಣವಾಗವು ಎನ್ನುತ್ತದೆ. ಗಡ್ಡೆಯ ಗಡಸುತನ, ಅದು ಕುಳಿತ ಜಾಗ, ಮರುಕಳಿಸುವ ಗುಣ ಇವೇ ಅಂದಿನ ಗುರುತುಗಳು.

ಗುದನಾಳದ ಕ್ಯಾನ್ಸರ್ ಮಾತ್ರ ಬಹುಕಾಲ ಇನ್ನೊಂದು ರೋಗದ ಮರೆಯಲ್ಲಿ ಉಳಿಯಿತು. ಮಲದ ಜೊತೆ ರಕ್ತ ಕಂಡರೆ ಅದನ್ನು ಮೂಲವ್ಯಾಧಿ ಎಂದೇ ತಿಳಿದು ನಾಟಿ ಔಷಧಕ್ಕೆ ಮೊರೆಹೋಗುವುದು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇಂದಿಗೂ ಇರುವ ರೂಢಿ. ಮೂಲವ್ಯಾಧಿ ಬಹಳ ಜನರಿಗೆ ಬರುವ ರೋಗ, ಕ್ಯಾನ್ಸರ್ ಕೆಲವರಿಗೆ ಬರುವಂಥದು. ಹಾಗಾಗಿ ಈ ಊಹೆ ಹೆಚ್ಚು ಸಲ ಸರಿಯಾಗಿರುತ್ತದೆ. ತಪ್ಪಿದ ಕಡೆ ಮಾತ್ರ ಹಲವು ತಿಂಗಳು ಕಳೆದುಹೋಗುತ್ತವೆ. ಮುನ್ನರಿವನ್ನು ಕೆಡಿಸುವ ಕಾರಣಗಳಲ್ಲಿ ಈ ತಡ ದೊಡ್ಡದು. ಬೆರಳಿನಿಂದ ಗುದದ್ವಾರವನ್ನು ಪರೀಕ್ಷಿಸಿದರೆ ಕೆಳಗಿನ ಗುದನಾಳದ ಗಡ್ಡೆಗಳು ಬಹುಮಟ್ಟಿಗೆ ಕೈಗೆ ಸಿಗುತ್ತವೆ. ಈ ಪರೀಕ್ಷೆಗೆ ಒಂದು ಕೈಗವಸಿನ ಹೊರತು ಬೇರೆ ಸಲಕರಣೆ ಬೇಕಿಲ್ಲ.

ಮಿರಜದ ದಾರಿ

ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಈ ನಾಲ್ಕು ತಾಲ್ಲೂಕುಗಳ ನೆಲ ಒಂದೇ ಆಡಳಿತದಲ್ಲಿರಲಿಲ್ಲ. ಜಮಖಂಡಿ ಪಟವರ್ಧನ ಮನೆತನದ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. ರಬಕವಿ ಸಾಂಗ್ಲಿಯ ಪಟವರ್ಧನರಿಗೆ ಸೇರಿತ್ತು, ಬೀಳಗಿ ಬ್ರಿಟಿಷರ ಬಿಜಾಪುರ ಜಿಲ್ಲೆಯಲ್ಲಿತ್ತು. ಸಂಸ್ಥಾನಗಳು 1948ರಲ್ಲಿ ಮುಂಬೈ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಬಿಜಾಪುರ ಜಿಲ್ಲೆಯ ಭಾಗವಾಗಿ ಮೈಸೂರು ರಾಜ್ಯಕ್ಕೆ ಬಂದವು, 1997ರಲ್ಲಿ ಹೊಸ ಬಾಗಲಕೋಟೆ ಜಿಲ್ಲೆಗೆ ಸೇರಿದವು. ಆಡಳಿತದ ಗಡಿಗಳು ಹೀಗೆ ಬದಲಾಗುತ್ತ ಹೋದರೂ ದೊಡ್ಡ ಕಾಯಿಲೆ ಬಂದಾಗ ಹಿಡಿಯುವ ದಾರಿ ಬಹುಕಾಲ ಮಿರಜದ್ದೇ ಆಗಿತ್ತು.

ಅದಕ್ಕೆ ಕಾರಣ ಅಲ್ಲಿನ ಮಿಶನ್ ಆಸ್ಪತ್ರೆ. ಕೆನಡಾದಲ್ಲಿ ಹುಟ್ಟಿ, ಅಮೆರಿಕದ ಪ್ರೆಸ್ಬಿಟೇರಿಯನ್ ಮಿಶನ್ ಪರವಾಗಿ 1889ರಲ್ಲಿ ಭಾರತಕ್ಕೆ ಬಂದ ವಿಲಿಯಂ ಜೇಮ್ಸ್ ವಾನ್ಲೆಸ್ 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ ತೆರೆದರು. ಮೂರು ವರ್ಷಗಳಲ್ಲಿ ವೈದ್ಯಕೀಯ ಶಾಲೆಯನ್ನೂ ಆರಂಭಿಸಿದರು. ಶಸ್ತ್ರಚಿಕಿತ್ಸೆಗೆ ಹೆಸರಾದ ಆ ಆಸ್ಪತ್ರೆಗೆ ದಕ್ಷಿಣ ಮಹಾರಾಷ್ಟ್ರದಿಂದಲೂ ಮುಂಬೈ ಕರ್ನಾಟಕದಿಂದಲೂ ರೋಗಿಗಳು ಬರುತ್ತಿದ್ದರು. ಜಮಖಂಡಿ ಕಡೆಯವರಿಗೆ ಹತ್ತಿರದ ರೈಲು ನಿಲ್ದಾಣ ಕುಡಚಿ. ಅಲ್ಲಿ ಗಾಡಿ ಹತ್ತಿದರೆ ಕೃಷ್ಣೆಯ ಸೇತುವೆ ದಾಟಿ ಮಿರಜ ತಲುಪಬಹುದಿತ್ತು. ಮಿರಜವೂ ಪಟವರ್ಧನರ ಊರೇ ಆಗಿದ್ದುದರಿಂದ ವ್ಯವಹಾರ, ನೆಂಟಸ್ತಿಕೆ, ಭಾಷೆ ಯಾವುದರಲ್ಲೂ ಅದು ಈ ಸೀಮೆಯವರಿಗೆ ಪರಸ್ಥಳವಾಗಿರಲಿಲ್ಲ. ಕನ್ನಡ, ಮರಾಠಿ ಎರಡೂ ನಡೆಯುವ ಪೇಟೆ ಅದು.

ಆ ಕಾಲದ ಶಸ್ತ್ರಚಿಕಿತ್ಸಕನ ಮುನ್ನರಿವು ಹೊಟ್ಟೆ ತೆರೆದಾಗ ಕಂಡದ್ದರ ಮೇಲೆ ನಿಂತಿತ್ತು. ಗಡ್ಡೆ ಅಲ್ಲಾಡುತ್ತದೆಯೇ, ಅಕ್ಕಪಕ್ಕಕ್ಕೆ ಅಂಟಿದೆಯೇ, ಯಕೃತ್ತಿನಲ್ಲಿ ಗಂಟುಗಳಿವೆಯೇ ಎಂಬುದನ್ನು ನೋಡಿ ಮುಂದಿನದನ್ನು ಹೇಳಬೇಕಿತ್ತು. 1908ರಲ್ಲಿ ಲಂಡನ್ನಿನ ಅರ್ನೆಸ್ಟ್ ಮೈಲ್ಸ್ ಹೊಟ್ಟೆಯ ಕಡೆಯಿಂದಲೂ ಕೆಳಗಿನಿಂದಲೂ ಗುದನಾಳವನ್ನು ಬಿಡಿಸಿ, ಸುತ್ತಲಿನ ದುಗ್ಧಗ್ರಂಥಿಗಳೊಡನೆ ತೆಗೆಯುವ ವಿಧಾನವನ್ನು ಪ್ರಕಟಿಸಿದರು. ಗಡ್ಡೆಯೊಂದನ್ನೇ ಕಿತ್ತರೆ ಸಾಲದು, ಅದು ಹರಡುವ ದಾರಿಯನ್ನೂ ತೆಗೆಯಬೇಕು ಎಂಬ ಅವರ ತಿಳಿವಳಿಕೆ ಮುಂದಿನ ಎಲ್ಲ ಮುನ್ನರಿವಿಗೂ ತಳಹದಿಯಾಯಿತು.

ಡ್ಯೂಕ್ಸ್ ಹಂತಗಳು

ಆ ತಳಹದಿಯ ಮೇಲೆ ಕ್ರಮವೊಂದನ್ನು ಕಟ್ಟಿದವರು ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ರೋಗಶಾಸ್ತ್ರಜ್ಞ ಕತ್ಬರ್ಟ್ ಡ್ಯೂಕ್ಸ್. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗುದನಾಳಗಳನ್ನು ಒಂದೊಂದಾಗಿ ಸೀಳಿ ನೋಡಿ 1932ರಲ್ಲಿ ಅವರು ಮೂರು ಹಂತಗಳನ್ನು ಗುರುತಿಸಿದರು. ಗಡ್ಡೆ ಕರುಳಿನ ಗೋಡೆಯೊಳಗೇ ಇದ್ದರೆ ಎ, ಗೋಡೆ ದಾಟಿದ್ದರೆ ಬಿ, ದುಗ್ಧಗ್ರಂಥಿಗಳಿಗೆ ಹಬ್ಬಿದ್ದರೆ ಸಿ. ದೂರದ ಅಂಗಗಳಿಗೆ ಹರಡಿದ ನಾಲ್ಕನೆಯ ಹಂತವನ್ನು ಮುಂದಿನವರು ಸೇರಿಸಿದರು. ಇಂದು ಬಳಕೆಯಲ್ಲಿರುವ ಟಿಎನ್‌ಎಂ ಪದ್ಧತಿಯೂ ಗಡ್ಡೆಯ ಆಳ, ಗ್ರಂಥಿಗಳ ಸ್ಥಿತಿ, ದೂರದ ಹರಡುವಿಕೆ ಎಂಬ ಇದೇ ಮೂರು ಸಂಗತಿಗಳನ್ನು ಅಳೆಯುತ್ತದೆ. ಗ್ರಂಥಿಗಳ ಲೆಕ್ಕ ನಂಬಿಕೆಗೆ ಅರ್ಹವಾಗಬೇಕಾದರೆ ಕನಿಷ್ಠ 12 ಗ್ರಂಥಿಗಳನ್ನಾದರೂ ಹುಡುಕಿ ನೋಡಬೇಕೆಂಬುದು ಈಗಿನ ನಿಯಮ.

ಈ ವಿಧಾನ ನಡೆಯಲು ಶಸ್ತ್ರಚಿಕಿತ್ಸಕನ ಜೊತೆಗೆ ರೋಗಶಾಸ್ತ್ರಜ್ಞನೂ ಬೇಕು. ಭಾರತದಲ್ಲಿ ಕ್ಯಾನ್ಸರಿಗೆಂದೇ ಇಂಥ ಏರ್ಪಾಡು ದೊಡ್ಡ ಮಟ್ಟದಲ್ಲಿ ಮೊದಲು ಮೂಡಿದ್ದು 1941ರಲ್ಲಿ ಮುಂಬೈಯಲ್ಲಿ ತೆರೆದ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ. ಮುಂದೆ ಪೂರ್ತಿಯಾಗಿ ಮುಂಬೈ ಪ್ರಾಂತಕ್ಕೆ ಸೇರಿದ ಈ ಸೀಮೆಗೆ ಅದೇ ಕೊನೆಯ ಆಸರೆಯಾಯಿತು. ಆಮೇಲೆ ಹತ್ತಿರದ ಊರುಗಳಲ್ಲಿ ವೈದ್ಯಕೀಯ ಕಾಲೇಜುಗಳು ಬಂದವು: 1957ರಲ್ಲಿ ಹುಬ್ಬಳ್ಳಿಯ ಕರ್ನಾಟಕ ಮೆಡಿಕಲ್ ಕಾಲೇಜು, 1962ರಲ್ಲಿ ಮಿರಜದ ಸರ್ಕಾರಿ ಕಾಲೇಜು, 1963ರಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ಕಾಲೇಜು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಆರಂಭವಾಯಿತು. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನೆಗೆಂದೇ ಆಸ್ಪತ್ರೆ ತಲೆಯೆತ್ತಿತು. ವಿಜಯಪುರದ ಬಿ.ಎಂ. ಪಾಟೀಲ ಕಾಲೇಜು 1986ರದು, ಬಾಗಲಕೋಟೆಯಲ್ಲಿ ಬಸವೇಶ್ವರ ವಿದ್ಯಾವರ್ಧಕ ಸಂಘದ ಎಸ್. ನಿಜಲಿಂಗಪ್ಪ ಕಾಲೇಜು 2002ರದು. ಕಾಲೇಜು ಬಂದಲ್ಲೆಲ್ಲ ರೋಗಶಾಸ್ತ್ರ ವಿಭಾಗವೂ ಬಂದಿತು. ಬಯಾಪ್ಸಿಯ ತುಣುಕನ್ನು ಮೇಣದ ಬ್ಲಾಕ್ ಮಾಡಿ ಓದುವ ಕೆಲಸ ಹೀಗೆ ಅರ್ಧ ದಿನದ ಪ್ರಯಾಣದೊಳಗೆ ದೊರೆಯತೊಡಗಿತು.

ಮಾಂಟ್ರಿಯಲ್ಲಿನ ಪ್ರೋಟೀನು

ಡ್ಯೂಕ್ಸ್ ಹಂತಗಳಿಗೆ ಒಂದು ಮಿತಿ ಇತ್ತು. ಒಂದೇ ಹಂತದ ಇಬ್ಬರಲ್ಲಿ ಒಬ್ಬರು ಗುಣವಾಗಿ ಇನ್ನೊಬ್ಬರಿಗೆ ರೋಗ ಮರಳಿದರೆ ಏಕೆಂದು ಅವು ಹೇಳಲಾರವು. ಗಡ್ಡೆ ಎಲ್ಲಿಯವರೆಗೆ ಹೋಗಿದೆ ಎಂಬುದು ತಿಳಿಯುತ್ತಿತ್ತು, ಅದರ ಸ್ವಭಾವ ತಿಳಿಯುತ್ತಿರಲಿಲ್ಲ. ಆ ಸ್ವಭಾವದ ಮೊದಲ ಸುಳಿವು 1965ರಲ್ಲಿ ಕೆನಡಾದ ಮಾಂಟ್ರಿಯಲ್ಲಿನಿಂದ ಬಂತು.

ಮೆಕ್‌ಗಿಲ್ ವಿಶ್ವವಿದ್ಯಾಲಯದ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಕರುಳಿನ ಗಡ್ಡೆಯ ಸಾರವನ್ನು ಮೊಲಗಳಿಗೆ ಚುಚ್ಚಿ, ಮೊಲಗಳ ದೇಹ ತಯಾರಿಸಿದ ಪ್ರತಿಕಾಯಗಳನ್ನು ಸಂಗ್ರಹಿಸಿದರು. ಆರೋಗ್ಯವಂತ ಕರುಳಿನ ಭಾಗಗಳಿಗೆ ಅಂಟುವ ಪ್ರತಿಕಾಯಗಳನ್ನು ತೆಗೆದುಹಾಕಿದಾಗ ಗಡ್ಡೆಯನ್ನು ಮಾತ್ರ ಹಿಡಿಯುವ ಪ್ರತಿಕಾಯಗಳು ಉಳಿದವು. ಅವು ಹಿಡಿದ ವಸ್ತು ಗರ್ಭಸ್ಥ ಶಿಶುವಿನ ಕರುಳಿನಲ್ಲೂ ಇತ್ತು. ಕಾರ್ಸಿನೊ ಎಂಬ್ರಿಯಾನಿಕ್ ಆ್ಯಂಟಿಜೆನ್ ಎಂದು ಕರೆಯಲಾದ ಅದು ಇಂದು ಎಲ್ಲರ ಬಾಯಲ್ಲಿ ಸಿಇಎ. ಸಕ್ಕರೆಯ ಸರಪಳಿಗಳು ಹೊದ್ದ ದೊಡ್ಡ ಪ್ರೋಟೀನು ಇದು. ಅದರ ತೂಕದ ಸುಮಾರು ಅರ್ಧದಷ್ಟು ಸಕ್ಕರೆಯೇ ಇರುತ್ತದೆ. 1969ರಲ್ಲಿ ಅದೇ ತಂಡ ರೇಡಿಯೊ ಇಮ್ಯುನೊ ಅಸ್ಸೇ ವಿಧಾನದಿಂದ ರೋಗಿಗಳ ರಕ್ತದಲ್ಲಿ ಅದನ್ನು ಅಳೆದು ತೋರಿಸಿತು.

ಮೊದಮೊದಲು ಕ್ಯಾನ್ಸರನ್ನು ರಕ್ತದ ಹನಿಯಲ್ಲೇ ಕಂಡುಹಿಡಿಯಬಹುದೆಂಬ ಆಸೆ ಹುಟ್ಟಿತು. ಹತ್ತು ವರ್ಷಗಳ ಅನುಭವ ಆ ಆಸೆಯನ್ನು ಸರಿಯಾದ ಅಳತೆಗೆ ಇಳಿಸಿತು. ಆರಂಭದ ಹಂತದ ಅನೇಕ ಗಡ್ಡೆಗಳಲ್ಲಿ ಸಿಇಎ ಏರುವುದೇ ಇಲ್ಲ. ಬೀಡಿ, ಸಿಗರೇಟು ಸೇದುವವರಲ್ಲಿ, ಯಕೃತ್ತಿನ ಕಾಯಿಲೆ ಇರುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1980ರಲ್ಲಿ ಕರೆದ ತಜ್ಞರ ಸಭೆ ಆರೋಗ್ಯವಂತರಲ್ಲಿ ಕ್ಯಾನ್ಸರ್ ಹುಡುಕಲು ಈ ಪರೀಕ್ಷೆ ತಕ್ಕದ್ದಲ್ಲವೆಂದು ತೀರ್ಮಾನಿಸಿತು.

ಮುನ್ನರಿವಿಗೆ ಮಾತ್ರ ಅದು ಉಳಿದುಕೊಂಡಿತು. ಶಸ್ತ್ರಚಿಕಿತ್ಸೆಗೆ ಮೊದಲು ಸಿಇಎ ಮಿಲಿಲೀಟರಿಗೆ 5 ನ್ಯಾನೊಗ್ರಾಂಗಿಂತ ಹೆಚ್ಚಿದ್ದರೆ ಅದೇ ಹಂತದ ಇತರರಿಗಿಂತ ಅಪಾಯ ಹೆಚ್ಚು. ಗಡ್ಡೆ ಪೂರ್ತಿ ಹೋಗಿದ್ದರೆ ನಾಲ್ಕರಿಂದ ಆರು ವಾರಗಳಲ್ಲಿ ಪ್ರಮಾಣ ಇಳಿಯಬೇಕು. ಇಳಿಯದಿದ್ದರೆ ರೋಗ ಎಲ್ಲೋ ಉಳಿದಿದೆ ಎಂಬ ಅನುಮಾನಕ್ಕೆ ಎಡೆಯಿದೆ. ಇಳಿದದ್ದು ಮತ್ತೆ ಏರಿದರೆ, ವಿಶೇಷವಾಗಿ ಯಕೃತ್ತಿನಲ್ಲಿ ರೋಗ ಮರಳುತ್ತಿರುವುದನ್ನು ಕೆಲವೊಮ್ಮೆ ಸ್ಕ್ಯಾನಿಗಿಂತ ಮೊದಲೇ ಅದು ತಿಳಿಸುತ್ತದೆ. ಅದಕ್ಕಾಗಿಯೇ ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಆಮೇಲೆ ಐದು ವರ್ಷ ತುಂಬುವವರೆಗೆ ಆರು ತಿಂಗಳಿಗೊಮ್ಮೆ ರಕ್ತ ನೋಡುವ ಪದ್ಧತಿ ಬಂತು.

ವಿಕಿರಣಶೀಲ ಅಯೋಡಿನ್ ಬೇಕಿದ್ದ ಮೂಲ ವಿಧಾನ ದೊಡ್ಡ ಸಂಸ್ಥೆಗಳಿಗಷ್ಟೇ ಸಾಧ್ಯವಿತ್ತು. 1971ರಲ್ಲಿ ಸ್ವೀಡನ್ನಿನಲ್ಲಿ ಎಂಗ್ವಾಲ್ ಮತ್ತು ಪರ್ಲ್‌ಮನ್ ವಿಕಿರಣದ ಬದಲು ಕಿಣ್ವ ಬಳಸುವ ಎಲೈಸಾ ವಿಧಾನವನ್ನು ರೂಪಿಸಿದರು. 1975ರಲ್ಲಿ ಕೇಂಬ್ರಿಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೀನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ದಾರಿ ಕಂಡುಕೊಂಡರು. ಇವೆರಡೂ ಸೇರಿ ಪ್ರೋಟೀನಿನ ಅಳತೆಯನ್ನು ಸಾಧಾರಣ ಪ್ರಯೋಗಾಲಯದ ಕೆಲಸವಾಗಿಸಿದವು. ತಾಲ್ಲೂಕು ಊರಿನಲ್ಲಿ ತೆಗೆದ ರಕ್ತ ನಗರದ ಪ್ರಯೋಗಾಲಯಕ್ಕೆ ಹೋಗಿ ವರದಿ ಬರುವಂತಾಯಿತು. ರೋಗಿಯೇ ಪ್ರತಿ ಸಲ ಬೆಂಗಳೂರಿಗೋ ಮುಂಬೈಗೋ ಹೋಗಬೇಕಾದ ಪ್ರಸಂಗ ಈ ಒಂದು ಪರೀಕ್ಷೆಯ ಮಟ್ಟಿಗೆ ತಪ್ಪಿತು.

ಅಂಗಾಂಶದಲ್ಲಿ ಬಣ್ಣ

ರಕ್ತದ ಪರೀಕ್ಷೆ ರೋಗದ ನಡೆಯನ್ನು ಹಿಂಬಾಲಿಸುತ್ತದೆ. ಗಡ್ಡೆಯ ಒಳಗುಣವನ್ನು ತಿಳಿಯಲು ಅಂಗಾಂಶವನ್ನೇ ನೋಡಬೇಕು. ಪ್ರತಿಕಾಯಕ್ಕೆ ಬಣ್ಣ ಕಟ್ಟಿ ಅಂಗಾಂಶದಲ್ಲಿ ಪ್ರೋಟೀನನ್ನು ಹುಡುಕುವ ಕೆಲಸವನ್ನು 1941ರಲ್ಲಿ ಅಮೆರಿಕದ ಆಲ್ಬರ್ಟ್ ಕೂನ್ಸ್ ಆರಂಭಿಸಿದ್ದರು. ಫಾರ್ಮಲಿನ್‌ನಲ್ಲಿ ಇಟ್ಟ ಅಂಗಾಂಶದಲ್ಲಿ ಹಲವು ಪ್ರೋಟೀನುಗಳು ಪ್ರತಿಕಾಯದ ಕೈಗೆ ಸಿಗುತ್ತಿರಲಿಲ್ಲ. 1991ರಲ್ಲಿ ಮೈಕ್ರೊವೇವ್ ಶಾಖದಿಂದ ಅವನ್ನು ಮತ್ತೆ ಬಿಡಿಸುವ ಉಪಾಯ ಪ್ರಕಟವಾಯಿತು. ಆಸ್ಪತ್ರೆಗಳ ಕಪಾಟಿನಲ್ಲಿ ವರ್ಷಗಟ್ಟಲೆ ಇದ್ದ ಹಳೆಯ ಮೇಣದ ಬ್ಲಾಕುಗಳೂ ಆಗ ಅಧ್ಯಯನಕ್ಕೆ ಒದಗಿದವು.

ಅದೇ ಹೊತ್ತಿಗೆ ಅಮೆರಿಕದ ಬರ್ಟ್ ವೋಗಲ್‌ಸ್ಟೀನ್ ಮತ್ತು ಎರಿಕ್ ಫಿಯರಾನ್ ಕರುಳಿನ ಒಳಗೋಡೆಯ ಸಣ್ಣ ಗಂಟಾದ ಪಾಲಿಪ್ ಒಂದು ಹಂತಹಂತವಾಗಿ, ಜೀನುಗಳ ದೋಷ ಕೂಡುತ್ತ ಕೂಡುತ್ತ ಕ್ಯಾನ್ಸರ್ ಆಗುವ ಬಗೆಯನ್ನು 1990ರಲ್ಲಿ ವಿವರಿಸಿದರು. ಆ ಹಾದಿಯ ಕೊನೆಯಲ್ಲಿ ಕೆಡುವ ಪಿ53 ಎಂಬ ಪ್ರೋಟೀನಿನ ಮೇಲೆ ನೂರಾರು ಅಧ್ಯಯನಗಳು ನಡೆದವು. ಒಂದರ ಫಲಿತಾಂಶ ಇನ್ನೊಂದಕ್ಕೆ ಹೊಂದಲಿಲ್ಲ. ಪ್ರತಿಕಾಯ ಬೇರೆ, ಬಣ್ಣ ಎಣಿಸುವ ರೀತಿ ಬೇರೆ, ರೋಗಿಗಳ ಹಂತ ಬೇರೆ. 2006ರಲ್ಲಿ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ ಮಾರ್ಗಸೂಚಿ ಪರಿಷ್ಕರಿಸಿದಾಗ ಪಿ53 ದಿನನಿತ್ಯದ ಬಳಕೆಗೆ ಸಾಲದೆಂದು ಹೇಳಿ ಸಿಇಎಯನ್ನು ಉಳಿಸಿಕೊಂಡಿತು. ಗುರುತು ಕಂಡುಹಿಡಿಯುವುದಕ್ಕಿಂತ ಅದು ಎಲ್ಲ ಕಡೆ ಒಂದೇ ಉತ್ತರ ಕೊಡುವಂತೆ ಮಾಡುವುದು ಕಷ್ಟ ಎಂಬುದು ಈ ಅಧ್ಯಾಯದ ಪಾಠ.

ವಂಶ ಮತ್ತು ನಾಲ್ಕು ಪ್ರೋಟೀನುಗಳು

ಇಂದು ಕರುಳಿನ ಕ್ಯಾನ್ಸರಿನಲ್ಲಿ ಅತಿ ಹೆಚ್ಚು ಉಪಯುಕ್ತವಾದ ಅಂಗಾಂಶ ಪರೀಕ್ಷೆ ಹುಟ್ಟಿದ್ದು ವಂಶಾವಳಿಗಳಿಂದ. ಅಮೆರಿಕದ ಆಲ್ಡ್ರೆಡ್ ವಾರ್ಥಿನ್ 1895ರಿಂದ ಒಂದು ಕುಟುಂಬದಲ್ಲಿ ತಲೆಮಾರುಗಳುದ್ದಕ್ಕೂ ಕ್ಯಾನ್ಸರಿನಿಂದಾದ ಸಾವುಗಳನ್ನು ದಾಖಲಿಸುತ್ತ ಬಂದು 1913ರಲ್ಲಿ ಪ್ರಕಟಿಸಿದರು. 1966ರಲ್ಲಿ ಹೆನ್ರಿ ಲಿಂಚ್ ಇಂಥ ಕುಟುಂಬಗಳ ವರದಿ ಕೊಟ್ಟರು. ಮುಂದೆ ವಂಶದಲ್ಲಿ ಹರಿದುಬರುವ ಈ ರೋಗಕ್ಕೆ ಅವರದೇ ಹೆಸರಾಯಿತು. 1993 ಮತ್ತು 1994ರಲ್ಲಿ ಕಾರಣ ತಿಳಿಯಿತು. ಡಿಎನ್‌ಎ ನಕಲಾಗುವಾಗ ಬೀಳುವ ತಪ್ಪುಗಳನ್ನು ತಿದ್ದುವ ಪ್ರೋಟೀನುಗಳಿವೆ: ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6. ಇವುಗಳಲ್ಲಿ ಒಂದು ಇಲ್ಲವಾದರೆ ತಪ್ಪುಗಳು ತಿದ್ದದೆ ಉಳಿಯುತ್ತವೆ.

ಪರೀಕ್ಷೆ ಸರಳ. ನಾಲ್ಕು ಪ್ರತಿಕಾಯಗಳಿಂದ ನಾಲ್ಕು ಸ್ಲೈಡುಗಳಿಗೆ ಬಣ್ಣ ಹಾಕುತ್ತಾರೆ. ಪ್ರೋಟೀನು ಇದ್ದರೆ ಜೀವಕೋಶದ ಕೇಂದ್ರ ಕಂದು ಬಣ್ಣ ತಾಳುತ್ತದೆ. ಗಡ್ಡೆಯ ಕೋಶಗಳು ಬಣ್ಣವಿಲ್ಲದೆ, ಪಕ್ಕದ ಆರೋಗ್ಯವಂತ ಕೋಶಗಳು ಕಂದಾಗಿದ್ದರೆ ಆ ಪ್ರೋಟೀನು ಗಡ್ಡೆಯಲ್ಲಿ ಇಲ್ಲ ಎಂದರ್ಥ. ಕರುಳಿನ ಕ್ಯಾನ್ಸರುಗಳಲ್ಲಿ ಸುಮಾರು ಶೇ. 15ರಷ್ಟು ಈ ಬಗೆಯವು. ಅವುಗಳಲ್ಲಿ ಹೆಚ್ಚಿನವು ವಂಶದಿಂದ ಬಂದವಲ್ಲ, ವಯಸ್ಸಾದಂತೆ ಎಂಎಲ್‌ಎಚ್1 ಜೀನು ಮುಚ್ಚಿಹೋದದ್ದರಿಂದ ಆದವು. ಉಳಿದವುಗಳಲ್ಲಿ ಹಲವು ಲಿಂಚ್ ಕುಟುಂಬಗಳಿಗೆ ಸೇರಿದವು.

ಈ ಒಂದೇ ಪರೀಕ್ಷೆ ಮೂರು ಪ್ರಶ್ನೆಗಳಿಗೆ ಉತ್ತರಿಸುತ್ತದೆ. ಗೋಡೆ ದಾಟಿದರೂ ಗ್ರಂಥಿಗಳಿಗೆ ಹಬ್ಬದ ಎರಡನೆಯ ಹಂತದ ರೋಗದಲ್ಲಿ ತಿದ್ದುವ ಪ್ರೋಟೀನು ಇಲ್ಲದ ಗಡ್ಡೆಯ ಮುನ್ನರಿವು ಉತ್ತಮ, ಅಂಥವರಿಗೆ ಫ್ಲೂರೊಯುರಾಸಿಲ್ ಎಂಬ ಕ್ಯಾನ್ಸರ್ ಔಷಧ ಒಂದನ್ನೇ ಕೊಟ್ಟರೆ ಲಾಭವಿಲ್ಲ ಎಂದು 2003ರ ಅಧ್ಯಯನ ತೋರಿಸಿತು. ದೂರಕ್ಕೆ ಹರಡಿದ ಹಂತದಲ್ಲಿ ಇದೇ ಬಗೆಯ ಗಡ್ಡೆಗಳು ದೇಹದ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಪೆಂಬ್ರೊಲಿಜುಮಾಬ್‌ನಂಥ ಔಷಧಗಳಿಗೆ ಬಗ್ಗುತ್ತವೆ ಎಂಬುದು 2015ರಲ್ಲಿ ತಿಳಿದು, 2020ರ ದೊಡ್ಡ ಪ್ರಯೋಗದಲ್ಲಿ ದೃಢಪಟ್ಟಿತು. ಮೂರನೆಯದು ಮನೆಯ ಇತರರಿಗೆ ಸಂಬಂಧಿಸಿದ್ದು. ಲಿಂಚ್ ದೋಷವಿರುವ ತಂದೆ ಅಥವಾ ತಾಯಿಯ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇ. 50. ಬಂದವರು ಕಾಲಕಾಲಕ್ಕೆ ಕರುಳನ್ನು ಒಳಗಿನಿಂದ ನೋಡುವ ಕೊಲೊನೊಸ್ಕೋಪಿ ಮಾಡಿಸಿಕೊಂಡರೆ ಗಡ್ಡೆ ಆಗುವ ಮೊದಲೇ ಪಾಲಿಪ್ ತೆಗೆಯಬಹುದು.

ವಂಶದ ನೆನಪು ಉಳಿಸುವ ಕೆಲಸಕ್ಕೆ ಈ ಸೀಮೆಯಲ್ಲಿ ಒಂದು ಹಳೆಯ ಸಂಪ್ರದಾಯವೇ ಇದೆ. ಹೆಳವರು ಎತ್ತಿನೊಡನೆ ಊರೂರು ಸುತ್ತಿ ಒಕ್ಕಲು ಮನೆತನಗಳ ಪೀಳಿಗೆಗಳನ್ನು ಹೇಳುತ್ತ, ಹೊಸ ಹೆಸರುಗಳನ್ನು ಸೇರಿಸುತ್ತ ಬಂದವರು. ಲಿಂಚ್ ಕುಟುಂಬವನ್ನು ಗುರುತಿಸಲು 1991ರಲ್ಲಿ ಪ್ರಕಟವಾದ ಆಮ್‌ಸ್ಟರ್‌ಡ್ಯಾಂ ನಿಯಮಗಳು ಕೇಳುವುದು ಮೂವರು ರೋಗಿಗಳು, ಎರಡು ತಲೆಮಾರು, ಒಬ್ಬರಾದರೂ 50 ವರ್ಷದೊಳಗಿನವರು ಎಂಬುದನ್ನು. ತಲೆಮಾರುಗಳ ಹೆಸರು ಬಲ್ಲ ಮನೆತನಗಳಲ್ಲಿ ಯಾರು ಯಾವ ಕಾಯಿಲೆಯಿಂದ, ಯಾವ ವಯಸ್ಸಿನಲ್ಲಿ ತೀರಿದರು ಎಂಬುದನ್ನೂ ಕೇಳಿ ಬರೆದಿಟ್ಟರೆ ಈ ನಿಯಮಕ್ಕೆ ಬೇಕಾದ ಮಾಹಿತಿ ಮನೆಯಲ್ಲೇ ಸಿಗುತ್ತದೆ. ಅಕ್ಕನ ಮಗಳನ್ನು, ಅತ್ತೆಯ ಮಗಳನ್ನು ತಂದುಕೊಳ್ಳುವ ಸೋದರಸಂಬಂಧದ ಮದುವೆಗಳಿಗೂ ಇಲ್ಲಿ ಸಂಬಂಧವಿದೆ. ತಿದ್ದುವ ಜೀನಿನ ದೋಷ ತಂದೆ, ತಾಯಿ ಇಬ್ಬರಿಂದಲೂ ಒಟ್ಟಿಗೆ ಬಂದರೆ ಬಾಲ್ಯದಲ್ಲೇ ಕ್ಯಾನ್ಸರ್ ಬರುವ ಒಂದು ವಿರಳ ರೋಗವಾಗುತ್ತದೆ. ರಕ್ತಸಂಬಂಧದ ಮದುವೆಯಲ್ಲಿ ಅದರ ಸಾಧ್ಯತೆ ಹೆಚ್ಚು.

ಕಡಿಮೆ ರೋಗ, ಎಳೆಯ ರೋಗಿಗಳು

ಭಾರತದಲ್ಲಿ ಕ್ಯಾನ್ಸರಿನ ಲೆಕ್ಕ ರಾಷ್ಟ್ರ ಮಟ್ಟದಲ್ಲಿ ಕ್ರಮವಾಗಿ ಆರಂಭವಾದದ್ದು 1982ರಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೋಂದಣಿ ಯೋಜನೆ ಬೆಂಗಳೂರು, ಮುಂಬೈ, ಮದ್ರಾಸುಗಳಿಂದ ಕೆಲಸ ಶುರುಮಾಡಿತು. ಬೆಂಗಳೂರಿನ ನೋಂದಣಿ ಕಿದ್ವಾಯಿ ಸಂಸ್ಥೆಯಲ್ಲಿ ನಡೆಯಿತು. ಹಳ್ಳಿಗಳ ಮೊದಲ ನೋಂದಣಿ 1987ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಆರಂಭವಾಯಿತು. ಜೋಳ ಬೆಳೆದು ಜೋಳದ ರೊಟ್ಟಿ ಉಣ್ಣುವ, ಮಳೆ ಕಡಿಮೆಯಿರುವ ಆ ನಾಡು ಜಮಖಂಡಿ ಸೀಮೆಯನ್ನು ಹೋಲುವಂಥದು. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಕರುಳಿನ ಕ್ಯಾನ್ಸರ್ ಅಲ್ಲಿ ಬಹಳ ಕಡಿಮೆ ಕಂಡಿತು. ನಾರಿನ ಆಹಾರ ಕರುಳನ್ನು ಕಾಯುತ್ತದೆಂದು ಶಸ್ತ್ರಚಿಕಿತ್ಸಕ ಡೆನಿಸ್ ಬರ್ಕಿಟ್ 1971ರಲ್ಲಿ ಆಫ್ರಿಕದ ಅನುಭವದಿಂದ ಮಂಡಿಸಿದ ವಾದಕ್ಕೆ ಇದು ಹೊಂದುತ್ತದೆ.

ರೋಗ ಕಡಿಮೆಯಾದರೂ ಬಂದವರ ಸ್ಥಿತಿ ಹಗುರವಲ್ಲ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಂಥ ಕೇಂದ್ರಗಳ ಅನುಭವದಲ್ಲಿ ಭಾರತೀಯ ರೋಗಿಗಳ ವಯಸ್ಸು ಪಾಶ್ಚಾತ್ಯರಿಗಿಂತ ಕಡಿಮೆ. ಜೀವಕೋಶ ಉಂಗುರದ ಆಕಾರ ತಾಳುವ ಸಿಗ್ನೆಟ್ ರಿಂಗ್ ಎಂಬ ಉಗ್ರ ಬಗೆ ಇಲ್ಲಿ ಹೆಚ್ಚು. ರೋಗ ಮುಂದುವರಿದ ಮೇಲೆ ಬರುವವರೇ ಬಹಳ. ನೇಕಾರ, ಕಬ್ಬಿನ ರೈತ, ಸಕ್ಕರೆ ಕಾರ್ಖಾನೆಯ ಕೆಲಸಗಾರ ಯಾರೇ ಆಗಲಿ, ದುಡಿಯುವ ವಯಸ್ಸಿನವರು ಮಲಗಿದರೆ ಮನೆಯ ಆದಾಯವೇ ನಿಲ್ಲುತ್ತದೆ. ಬಡ ಕುಟುಂಬಗಳ ದೊಡ್ಡ ಚಿಕಿತ್ಸೆಗಳ ಖರ್ಚನ್ನು ಸರ್ಕಾರವೇ ಹೊರುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಉತ್ತರ ಕರ್ನಾಟಕದಲ್ಲಿ ಜಾರಿಯಾಯಿತು. ಯೋಜನೆ ಇದ್ದ ಹಳ್ಳಿಗಳಲ್ಲಿ ಅದು ಒಳಗೊಂಡ ರೋಗಗಳ ಸಾವು ಕಡಿಮೆಯಾದುದನ್ನು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನ ತೋರಿಸಿತು. ಅಂಥ ಯೋಜನೆಗಳು 2018ರಿಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಒಂದಾಗಿವೆ.

ಇಂದಿನ ಗುರುತುಗಳು

ಸಿಇಎ ಮತ್ತು ನಾಲ್ಕು ತಿದ್ದುವ ಪ್ರೋಟೀನುಗಳ ಜೊತೆಗೆ ಇನ್ನೂ ಕೆಲವು ಗುರುತುಗಳು ಬಳಕೆಗೆ ಬಂದಿವೆ. ಕೆರಾಸ್ ಜೀನು ಬದಲಾದವರಿಗೆ ಸೆಟುಕ್ಸಿಮಾಬ್ ಔಷಧ ಫಲಿಸದು ಎಂಬುದು 2008ರಲ್ಲಿ ಸ್ಪಷ್ಟವಾಯಿತು. ಬಿರಾಫ್ ಜೀನಿನ ವಿ600ಇ ಬದಲಾವಣೆ ಹರಡಿದ ರೋಗದಲ್ಲಿ ಕೆಟ್ಟ ಮುನ್ನರಿವಿನ ಲಕ್ಷಣ. ಕರುಳಿನ ಕೋಶಕ್ಕೆ ಅದರ ಗುಣ ಕೊಡುವ ಸಿಡಿಎಕ್ಸ್2 ಪ್ರೋಟೀನು ಗಡ್ಡೆಯಲ್ಲಿ ಇಲ್ಲದಿದ್ದರೆ ಎರಡನೆಯ ಹಂತದಲ್ಲೂ ಅಪಾಯ ಹೆಚ್ಚು ಎಂದು 2016ರಲ್ಲಿ ವರದಿಯಾಯಿತು. ಸ್ತನ ಕ್ಯಾನ್ಸರಿನಿಂದ ಪರಿಚಿತವಾದ ಹರ್2 ಪ್ರೋಟೀನು ಕರುಳಿನ ಕ್ಯಾನ್ಸರಿನಲ್ಲೂ ಕೆಲವರಲ್ಲಿ ಅತಿಯಾಗಿದ್ದು ಅದಕ್ಕೆ ತಕ್ಕ ಔಷಧವಿದೆ. ಗಡ್ಡೆಯೊಳಗೆ ಸೇರಿದ ರೋಗನಿರೋಧಕ ಕೋಶಗಳನ್ನು ಎಣಿಸುವ ಪದ್ಧತಿಯನ್ನು ಫ್ರಾನ್ಸಿನ ಜೆರೋಮ್ ಗಲಾನ್ 2006ರಿಂದ ಬೆಳೆಸಿದ್ದಾರೆ.

ಇವೆಲ್ಲವೂ ನಿಂತಿರುವುದು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ತುಣುಕನ್ನು ಹೇಗೆ ಕಾಯ್ದಿಟ್ಟರು ಎಂಬುದರ ಮೇಲೆ. ತೆಗೆದ ಒಂದು ಗಂಟೆಯೊಳಗೆ ಅದು ಶೇ. 10ರ ತಟಸ್ಥ ಫಾರ್ಮಲಿನ್‌ಗೆ ಬೀಳಬೇಕು, ಕನಿಷ್ಠ 6 ಗಂಟೆ ಅದರಲ್ಲಿರಬೇಕು, 72 ಗಂಟೆ ಮೀರಬಾರದು. ಉಪ್ಪುನೀರಿನಲ್ಲಿ ಇಟ್ಟು ಕಳಿಸಿದ ತುಣುಕಿನಲ್ಲಿ ಪ್ರೋಟೀನುಗಳು ಕೊಳೆತು, ಇದ್ದದ್ದೂ ಇಲ್ಲವೆಂಬಂತೆ ಕಾಣುತ್ತದೆ. ತಾಲ್ಲೂಕಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಗಿ ನಗರದಲ್ಲಿ ಪರೀಕ್ಷೆ ನಡೆಯುವ ಈ ಸೀಮೆಯಲ್ಲಿ ಮುನ್ನರಿವಿನ ಮೊದಲ ಹೊಣೆ ಆದ್ದರಿಂದ ಫಾರ್ಮಲಿನ್ ಬಾಟಲಿಯದು. ಎರಡನೆಯ ಹೊಣೆ ಮೇಣದ ಬ್ಲಾಕಿನದು. ರೋಗಿ ಆಸ್ಪತ್ರೆ ಬದಲಿಸಿದಾಗ ವರದಿಯ ಜೊತೆ ಬ್ಲಾಕ್, ಸ್ಲೈಡುಗಳನ್ನೂ ಪಡೆದು ಒಯ್ದರೆ ಬಯಾಪ್ಸಿ ಮತ್ತೆ ಮಾಡಬೇಕಾಗುವುದಿಲ್ಲ. ವರ್ಷಗಳ ನಂತರ ಹೊಸ ಗುರುತೊಂದು ಬಂದರೂ ಅದೇ ಬ್ಲಾಕಿನಲ್ಲಿ ನೋಡಬಹುದು. ಮೂರನೆಯದು ಶಸ್ತ್ರಚಿಕಿತ್ಸೆಗೆ ಮೊದಲೇ ಸಿಇಎ ಅಳೆಯುವುದು. ಆರಂಭದ ಆ ಅಂಕಿ ಇಲ್ಲದಿದ್ದರೆ ನಂತರದ ಏರಿಳಿತವನ್ನು ಹೋಲಿಸಲು ಆಧಾರವಿರದು. ಈ ಮೂರಕ್ಕೂ ಬೇಕಾದ ಸಾಧನಗಳು ಇಂದು ಜಮಖಂಡಿಯಲ್ಲೂ ಮುಧೋಳದಲ್ಲೂ ಕೈಗೆಟುಕುವಂಥವು. ದೂರದ ಪ್ರಯೋಗಾಲಯ ಕೊಡುವ ಉತ್ತರ ಸರಿಯಾಗಿರುವುದು ಇವನ್ನು ಊರಿನಲ್ಲೇ ಸರಿಯಾಗಿ ಮಾಡಿದಾಗ.